ಶೇಡ್ ನಂಬರ್ ಮುನ್ನೂರ ಹದಿನಾಲ್ಕರ ಪಿಯೋನಿ

ನಮ್ಮ ಭಾವನ ಕಣ್ಣಿನ ಬಗ್ಗೆ ಊರಿನಲ್ಲಿ ನಾನಾ ಕಥೆಗಳು ಓಡಾಡುತ್ತಿವೆ. ಅವುಗಳಲ್ಲಿ ಅರ್ಧವನ್ನು ಹಬ್ಬಿಸಿದವನು ನಾನೇ ಆದ್ದರಿಂದ, ನಿಜವಾಗಿ ನಡೆದದ್ದೇನು ಎಂದು ಹೇಳುವ ಹೊಣೆಯೂ ನನ್ನ ತಲೆಗೇ ಬಂದಿದೆ.

ಭಾವ ಬಣ್ಣದಂಗಡಿಯಲ್ಲಿ ಬಣ್ಣ ಕಲೆಸುವವರು. ಇಪ್ಪತ್ತೆರಡು ವರ್ಷಗಳಿಂದ ಅದೇ ಮೇಜು, ಅದೇ ಎತ್ತರದ ಸ್ಟೂಲು, ಅದೇ ಕಿಟಕಿ. ಗಿರಾಕಿ ಗೋಡೆಯಿಂದ ಕಿತ್ತ ಚಕ್ಕೆಯನ್ನೋ ಷರಟಿನ ಗುಂಡಿಯನ್ನೋ ತಂದು ಇದೇ ಬಣ್ಣ ಬೇಕು ಎಂದರೆ, ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಒಂದು ಸಲ ನೋಡುತ್ತಾರೆ. ಆಮೇಲೆ ಬಿಳಿ ಡಬ್ಬದ ಮುಚ್ಚಳ ತೆಗೆದು, ಬಾಟಲಿಗಳಿಂದ ಕೆಂಪು ಇಷ್ಟು, ಹಳದಿ ಇಷ್ಟು ಎಂದು ಬಿಟ್ಟು, ಕಲೆಸಿ, ಕೊನೆಗೆ "ಇನ್ನೆರಡು ಹನಿ" ಎಂದು ಗೊಣಗಿಕೊಂಡು ಆ ಎರಡು ಹನಿ ಹಾಕಿಬಿಟ್ಟರೆ ಮುಗಿಯಿತು. ಬಣ್ಣ ಒಣಗಿದ ಮೇಲೆ ಹಳೆಯ ಗೋಡೆ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಗಿರಾಕಿಗೇ ತಿಳಿಯುವುದಿಲ್ಲ. ಹೀಗಾಗಿ ಬೀದಿಯಲ್ಲಿ ಅವರಿಗೆ ಎರಡ್ಹನಿ ಎಂದೇ ಹೆಸರು.

ಈ ವಿದ್ಯೆಯನ್ನು ಅವರು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಮನೆಗೂ ತರುತ್ತಿದ್ದರು. ಅಕ್ಕ ಚಹಾ ಕೊಟ್ಟರೆ ಲೋಟ ಓರೆ ಮಾಡಿ, ಅಂಗಡಿಯ ಶೇಡ್ ಪಟ್ಟಿಯ ಲೆಕ್ಕದಲ್ಲಿ, ಇವತ್ತು ಇನ್ನೂರ ಆರಾಗಿದೆ, ಇನ್ನೂರ ಎಂಟಿರಬೇಕಿತ್ತು ಎನ್ನುತ್ತಿದ್ದರು. ನನಗೊಮ್ಮೆ ಕಾಮಾಲೆಯಾದಾಗ ಡಾಕ್ಟರಿಗೆ ಫೋನ್ ಮಾಡಿ ನನ್ನ ಕಣ್ಣಿನ ಶೇಡ್ ನಂಬರನ್ನೇ ಹೇಳಿದ್ದರು. ನಾನು ಅಕ್ಕನ ತಮ್ಮ, ಗಡಿಯಾರ ರಿಪೇರಿಯವನು. ಬಣ್ಣದಂಗಡಿಯ ಎದುರಿಗೆ ನನ್ನ ಗೂಡಂಗಡಿ, ಭಾವನ ಮನೆಯ ಮಹಡಿಯ ಮೇಲೆ ನನ್ನ ಕೋಣೆ. ಆದ್ದರಿಂದ ಅವರು ಎಲ್ಲಿ ಏನು ಮಾಡಿದರೂ ನನ್ನ ಕಣ್ಣು ತಪ್ಪಿಸುವಂತಿರಲಿಲ್ಲ.

ಆ ವರ್ಷ ಅಂಗಡಿಯ ಯಜಮಾನರು ಬಣ್ಣ ಅಳೆಯುವ ಯಂತ್ರವೊಂದನ್ನು ತರಿಸಿದರು. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡದು. ಯಾವ ವಸ್ತುವಿನ ಮೇಲೆ ಅದರ ಮೂತಿ ಇಟ್ಟರೂ, ಯಾವ ಬಣ್ಣ ಎಷ್ಟೆಷ್ಟು ಬೆರೆಸಬೇಕು ಎಂದು ಚೀಟಿ ಉಗುಳುತ್ತಿತ್ತು. ಯಜಮಾನರು ಭಾವನ ಹೆಗಲ ಮೇಲೆ ಕೈಯಿಟ್ಟು, ನಿಮಗೂ ವಯಸ್ಸಾಯಿತು, ಇನ್ನು ಗೋಡೌನ್‌ನಲ್ಲಿ ಡಬ್ಬ ನೋಡಿಕೊಂಡು ಆರಾಮಾಗಿರಿ ಎಂದರು. ಗೋಡೌನ್‌ಗೆ ಕಿಟಕಿಯಿಲ್ಲ. ಅಲ್ಲಿರುವ ಸಾವಿರ ಡಬ್ಬಗಳಿಗೂ ಒಂದೇ ಬೂದು ಬಣ್ಣದ ಮುಚ್ಚಳ. ಭಾವ ಆ ದಿನ ಊಟ ಮಾಡಲಿಲ್ಲ. ತಾಟಿನ ಮುಂದೆ ಕೂತು, ಮುಚ್ಚಳ ನೋಡಿಕೊಂಡು ಬದುಕೋದು ಹೇಗೆ ಎಂದು ಅಕ್ಕನನ್ನು ಕೇಳಿದರು. ಅಕ್ಕ ಇನ್ನೊಂದು ಸೌಟು ಬಡಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಭಾವ ಸದ್ದಿಲ್ಲದೆ ಗೋಡೌನ್ ಸೇರುತ್ತಿದ್ದರು. ಆದರೆ ಅದೇ ವಾರ ಹಿತ್ತಲಿನ ಪಿಯೋನಿ ಅರಳಿತು.

ಗುಲಾಬಿಯ ಹಾಗೆ ಎಸಳು ತುಂಬಿ ಅರಳುವ ಈ ಪಿಯೋನಿ ಹೂವೆಂದರೆ ನಮ್ಮ ತೋಟಗಾರರ ಸಂಘದವರಿಗೆ ಪ್ರಾಣ. ವರ್ಷಕ್ಕೊಮ್ಮೆ ಎಲ್ಲರೂ ಗಿಡದ ಗೆಡ್ಡೆ ಕಡಿದು, ಹಳೆಯ ಪೇಪರಿನಲ್ಲಿ ಸುತ್ತಿ, ಹೆಸರಿನ ಚೀಟಿ ಕಟ್ಟಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಯಾರಿಗೂ ಬೇಡವಾಗಿ ಉಳಿದದ್ದು ಭಾವನ ಪಾಲಿಗೆ ಬಂದಿತ್ತು. ಚೀಟಿ ನೆನೆದು ಅಳಿಸಿಹೋಗಿ, ಹೈಬ್ರಿಡ್ ಎನ್ನುವ ಒಂದು ಮಾತು ಮಾತ್ರ ಓದಲು ಬರುತ್ತಿತ್ತು. ಎರಡು ವರ್ಷ ಬರೀ ಎಲೆ. ಈಗ ನಾಲ್ಕೈದು ಮೊಗ್ಗು ಬಂದು, ಅದರಲ್ಲಿ ಮೊದಲನೆಯದು ಸೋಮವಾರ ಬೆಳಿಗ್ಗೆ ಬಾಯಿ ಬಿಟ್ಟಿತು. ಅಂಗೈಯಗಲದ ಹೂವು. ಅಪ್ಪಟ ಹವಳದ ಬಣ್ಣ. ಭಾವ ಅದರ ಮುಂದೆ ಮೊಣಕಾಲೂರಿ ಕೂತುಬಿಟ್ಟರು.

ಹೊಸ ಹೂವು ಅರಳಿದರೆ ಸಂಘದ ರಿಜಿಸ್ಟರಿನಲ್ಲಿ ಬರೆಸಬೇಕು. ಆ ರಿಜಿಸ್ಟರು ಇರುವುದು ಕಾರ್ಯದರ್ಶಿಯವರ ಕೈಯಲ್ಲಿ. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಊರಿಗೆಲ್ಲ ಹೆಡ್‌ಮೇಡಂ. ಅವರ ಪ್ರಕಾರ ಪಿಯೋನಿಗೆ ಇರುವುದು ಮೂರೇ ಬಣ್ಣ: ಬಿಳಿ, ಗುಲಾಬಿ, ಕೆಂಪು. ಪೊದೆಯಾಗಿ ಬೆಳೆಯುವ ಜಾತಿಯನ್ನು ನೆಲಕ್ಕೆ ಒಣಗಿ ಮತ್ತೆ ಚಿಗುರುವ ಜಾತಿಗೆ ಬೆರೆಸಿ ಹಳದಿ ಹೂವು ತೆಗೆದವರು, ಎಸಳಿನ ಬುಡಕ್ಕೆ ಕಪ್ಪು ಮಚ್ಚೆ ತರಿಸಿದವರು, ಇವರೆಲ್ಲ ಮಾಡಿದ್ದು ಹೂವಲ್ಲ, ಅವಿಧೇಯತೆ. ಅವರ ಹತ್ತಿರ ಇದ್ದ ಪಿಯೋನಿ ಪುಸ್ತಕವೂ ಅವರಷ್ಟೇ ವಯಸ್ಸಿನದು. ಅದರಲ್ಲಿ ಇಲ್ಲದ್ದು ಪ್ರಪಂಚದಲ್ಲೂ ಇರಲಿಲ್ಲ.

ಅದೇ ಬೆಳಿಗ್ಗೆ ಭಾವ ಸಂಘಕ್ಕೆ ಹೋಗಿ ರಿಜಿಸ್ಟರು ತೆಗೆದುಕೊಂಡು ಬರೆದರು. ತಳಿ: ಹೈಬ್ರಿಡ್. ಬಣ್ಣ: ಶೇಡ್ ನಂಬರ್ ೩೧೪, ಹಳದಿ ಎರಡು ಹನಿ ಕಡಿಮೆ.

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೂವಿಗೆ ಬಣ್ಣ ಇರುತ್ತದೆ, ನಂಬರು ಇರುವುದು ಬಸ್ಸಿಗೆ ಎಂದರು. ಮಾಮೂಲಿ ದಿನವಾಗಿದ್ದರೆ ಭಾವ ಕ್ಷಮೆ ಕೇಳಿ ಅಳಿಸುತ್ತಿದ್ದರು. ಆದರೆ ಯಂತ್ರದ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಗುಲಾಬಿ ಅನ್ನುವವರು ಹೂವನ್ನು ನೋಡಿಯೇ ಇಲ್ಲ, ಗುಲಾಬಿ ಒಂದರಲ್ಲೇ ನಲವತ್ತೆಂಟು ಬಗೆ ಇದೆ ಎಂದು ಭಾಷಣಕ್ಕೇ ಇಳಿದರು. ಕೊನೆಗೆ, ಸಂಘದ ಅಧ್ಯಕ್ಷರೂ ಆಗಿದ್ದ ಅಂಗಡಿ ಯಜಮಾನರು ಪಕ್ಕದಲ್ಲೇ ಕೂತಿದ್ದಾರೆ ಎನ್ನುವುದನ್ನೂ ಮರೆತು ಹೇಳಿದರು:

"ಈ ಬಣ್ಣ ಹಿಡಿಯೋಕೆ ಕಣ್ಣು ಬೇಕು ಮೇಡಂ. ಯಂತ್ರದ ಕೈಲಾಗೋ ಕೆಲಸ ಅಲ್ಲ ಇದು."

ಯಜಮಾನರು ನಕ್ಕರು. ಅವರು ನಕ್ಕಾಗಲೆಲ್ಲ ಯಾರಿಗಾದರೂ ಕಷ್ಟ ಬರುತ್ತದೆ. ಸಂಘದ ಹೊಸ ಸಭಾಂಗಣ ಭಾನುವಾರ ತೆರೆಯುವುದಿತ್ತು, ಗೋಡೆಗೆ ಬಣ್ಣ ಅವರದೇ ಕೊಡುಗೆ. ಹಾಗಾದರೆ ವೇದಿಕೆಯ ಗೋಡೆಗೆ ಈ ಹೂವಿನ ಬಣ್ಣವನ್ನೇ ಬಳಿಯೋಣ, ನೀವೂ ಕಲೆಸಿ, ಯಂತ್ರವೂ ಕಲೆಸಲಿ, ಗೋಡೆಯ ಮೇಲೆ ಪಕ್ಕ ಪಕ್ಕ ಹಚ್ಚಿ ನೋಡೋಣ ಎಂದರು. ಯಂತ್ರ ಸೋತರೆ ಯಂತ್ರ ಗೋಡೌನ್‌ಗೆ, ನೀವು ಸೋತರೆ ನೀವು.

ಭಾವ ಅವತ್ತೇ ಮಧ್ಯಾಹ್ನ ಡಬ್ಬ ಸಿದ್ಧ ಮಾಡಿ, ಗುರುತಿಗೆಂದು ಒಂದು ರಟ್ಟಿನ ಚೂರಿನ ಮೇಲೂ ಬಳಿದಿಟ್ಟುಕೊಂಡರು. ಯಂತ್ರ ನಡೆಸುವ ಇಂಜಿನಿಯರಿಗೆ ಬರಲು ಬಿಡುವಾಗಿದ್ದು ಗುರುವಾರ.

ಮಂಗಳವಾರದಿಂದಲೇ ಭಾವನ ವರ್ತನೆ ವಿಚಿತ್ರವಾಯಿತು. ಬೆಳಿಗ್ಗೆ ಎದ್ದವರೇ ಹಿತ್ತಲಿಗೆ ಓಡುತ್ತಾರೆ, ಸಣ್ಣ ಬಟ್ಟಲಲ್ಲಿ ಏನೋ ಕಲೆಸುತ್ತಾರೆ, ರಟ್ಟಿನ ಚೂರಿನ ಮೇಲೆ ಬಳಿಯುತ್ತಾರೆ, ಮುಖ ಸಣ್ಣದು ಮಾಡಿಕೊಂಡು ಅದನ್ನು ಜೇಬಿಗೆ ಸೇರಿಸುತ್ತಾರೆ. ಬುಧವಾರ ನನ್ನನ್ನು ಮೆಟ್ಟಿಲ ಮೇಲೆ ತಡೆದು ನಿನ್ನ ಷರಟು ಯಾವ ಬಣ್ಣ ಎಂದು ಕೇಳಿದರು. ನೀಲಿ ಎಂದೆ. ಗೊತ್ತು, ಸುಮ್ಮನೆ ಕೇಳಿದೆ ಎಂದು ಹೊರಟುಹೋದರು. ಊಟಕ್ಕೆ ಕೂತಾಗ ಅಕ್ಕನ ಮುಖವನ್ನೇ ನೋಡುತ್ತಿದ್ದರು. ತಾನು ಹೊಸ ಬಟ್ಟೆ ಹಾಕಿಕೊಂಡದ್ದನ್ನು ಈ ಮನುಷ್ಯ ಇಪ್ಪತ್ತು ವರ್ಷಕ್ಕೆ ಒಂದು ಸಲವಾದರೂ ಗಮನಿಸಿದರಲ್ಲ ಎಂದು ಅವಳು ಹಿಗ್ಗಿದಳು.

ಗುರುವಾರ ಇಂಜಿನಿಯರು ಟೈ ಕಟ್ಟಿಕೊಂಡು ಬಂದು, ಹೂವಿನ ಮೇಲೆ ಯಂತ್ರದ ಮೂತಿ ಇಟ್ಟು, ಅದರೊಳಗೆ ಹೊಕ್ಕ ಇರುವೆಯನ್ನು ಊದಿ ಓಡಿಸಿ, ಚೀಟಿ ಹರಿದುಕೊಂಡು ಹೋದರು. ಶುಕ್ರವಾರ ಸಭಾಂಗಣದ ಗೋಡೆಯ ಮೇಲೆ ಎರಡು ಪಟ್ಟೆಗಳು ಎದ್ದವು. ಭಾವನದು ಧಗಧಗ ಹವಳ. ಯಂತ್ರದ್ದು ತೆಳು ಕಿತ್ತಳೆ, ಹೆಚ್ಚುಕಡಿಮೆ ಕೆನೆ. ಸಂಘದ ಅಷ್ಟೂ ಜನ ಪಕ್ಕದ ಬೀದಿಯಲ್ಲಿದ್ದ ನಮ್ಮ ಹಿತ್ತಲಿಗೆ ಬಂದು ಹೂವು ನೋಡಿ, ಸಭಾಂಗಣಕ್ಕೆ ಹೋಗಿ ಗೋಡೆ ನೋಡಿ, ಅನುಮಾನ ಬಂದು ಮತ್ತೆ ಹಿತ್ತಲಿಗೆ ಬಂದು ನೋಡಿದರು. ಹೂವು ಯಂತ್ರದ ಪಟ್ಟೆಯ ಅಕ್ಕನೋ ತಂಗಿಯೋ ಎನ್ನುವ ಹಾಗಿತ್ತು. ಭಾವನ ಪಟ್ಟೆಗೂ ಅದಕ್ಕೂ ದೂರದ ನೆಂಟಸ್ತಿಕೆಯೂ ಇರಲಿಲ್ಲ. ಇದು ಹೂವಿನ ಬಣ್ಣ ಅಲ್ಲ, ಕೋಪದ ಬಣ್ಣ ಎಂದು ಹೆಡ್‌ಮೇಡಂ ತೀರ್ಪು ಕೊಟ್ಟರು. ಭಾವ ಹೌದೆಂದು ತಲೆಯಾಡಿಸಿಬಿಟ್ಟರು. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ಈಗ ನನ್ನ ತಪ್ಪಿನ ವಿಚಾರ. ಚಹಾದಂಗಡಿಯವನ ಹತ್ತಿರ ನಾನು ಹೇಳಿದ್ದು ಇಷ್ಟೇ: ಭಾವನ ಕಣ್ಣು ಯಾಕೋ ಸರಿಯಿಲ್ಲ ಅನ್ನಿಸುತ್ತೆ. ಸಂಜೆಯ ಹೊತ್ತಿಗೆ ಅದು ಕೈಕಾಲು ಬೆಳೆಸಿಕೊಂಡು, ಎರಡ್ಹನಿಗೆ ಎರಡೂ ಕಣ್ಣು ಹೋಗಿ ಹತ್ತು ವರ್ಷವಾಯಿತಂತೆ, ಇಷ್ಟು ದಿನ ಅಂದಾಜಿನ ಮೇಲೆ ನಡೆಸಿದರಂತೆ ಎಂದಾಗಿ ನನ್ನ ಅಂಗಡಿಗೇ ವಾಪಸು ಬಂತು. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ಟೊಮೇಟೊ ಹಿಡಿದು ಇದೇನಪ್ಪ ಎಂದರು. ಟೊಮೇಟೊ ಎಂದರು ಭಾವ. ಪಾಪ, ಆಕಾರದಲ್ಲಿ ಗುರುತು ಹಿಡಿಯುತ್ತಾನೆ ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೇಕರಿಯವನು ಬಂದು, ಆರು ವರ್ಷದಿಂದ ತನ್ನ ಹೆಂಡತಿ ಮಲಗುವ ಕೋಣೆಯ ಹಸಿರು ಸರಿಯಿಲ್ಲ ಅಂತಲೇ ಹೇಳುತ್ತಿದ್ದಳು, ತಾನೇ ಅವಳ ಮಾತು ಕೇಳಲಿಲ್ಲ ಎಂದು ನೊಂದುಕೊಂಡ. ಬ್ಯಾಂಕಿನ ಕ್ಯಾಷಿಯರಂತೂ ಬಾಗಿಲಲ್ಲೇ ಕುಸಿದು ಕೂತರು. ಹುಡುಗಿಯ ಮನೆಯ ನೀಲಿ ಗೋಡೆ ಕಂಡು ಮನಸ್ಸಿಗೆ ತಂಪಾಗಿಯೇ ಅವರು ಮದುವೆಗೆ ಒಪ್ಪಿದ್ದಂತೆ. ಆ ಗೋಡೆಗೆ ಬಣ್ಣ ಕಲೆಸಿದ್ದು ಭಾವ. ಈಗ ಅದು ನೀಲಿಯೇ ಅಲ್ಲದಿದ್ದರೆ ತನ್ನ ಗತಿ ಏನು ಎಂಬುದು ಅವರ ಪ್ರಶ್ನೆ. ಭಾವ ಎಲ್ಲರಿಗೂ ಕ್ಷಮಿಸಿ, ಕ್ಷಮಿಸಿ ಎನ್ನುತ್ತಲೇ ಇದ್ದರು.

ಶನಿವಾರ ಅಕ್ಕನಿಗೆ ತಿಳಿಯದ ಹಾಗೆ ನನ್ನನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದರು. ಆ ಡಾಕ್ಟರೂ ಸಂಘದ ಸದಸ್ಯರೇ. ಭಾವ ಜೇಬಿನಿಂದ ಆರು ರಟ್ಟಿನ ಚೂರು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಸೋಮವಾರದ್ದು ಹವಳ, ಕೊನೆಯದು ಹಾಲಿನ ಕೆನೆ. ಮಧ್ಯದವು ಒಂದಕ್ಕಿಂತ ಒಂದು ಪೇಲವ.

"ಇರೋದು ಒಂದೇ ಹೂವು ಡಾಕ್ಟ್ರೇ. ದಿನಾ ಕಂಡಿದ್ದನ್ನ ಕಂಡ ಹಾಗೇ ಕಲೆಸಿದೀನಿ. ನನ್ನ ಕಣ್ಣಿಂದ ಬಣ್ಣ ಇಳಿದುಹೋಗ್ತಾ ಇದೆ ನೋಡಿ. ಇನ್ನೊಂದು ವಾರಕ್ಕೆ ಎಲ್ಲಾ ಬೆಳ್ಳಗಾಗಿಬಿಡುತ್ತೆ."

ಡಾಕ್ಟರು ಒಂದು ಗಂಟೆ ಪರೀಕ್ಷೆ ಮಾಡಿದರು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕುವ ಪುಸ್ತಕ ಕೊಟ್ಟರೆ, ಭಾವ ಎಲ್ಲ ಅಂಕಿಯನ್ನೂ ಓದಿದ್ದಲ್ಲದೆ ಒಂಬತ್ತನೇ ಪುಟದಲ್ಲಿ ಎರಡು ಚುಕ್ಕೆ ತಪ್ಪು ಅಚ್ಚಾಗಿವೆ ಎಂದೂ ತೋರಿಸಿದರು. ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ, ಮನೆಗೆ ಹೋಗಿ ಎಂದರು ಡಾಕ್ಟರು. ಹೊರಗೆ ಬಂದ ಭಾವನ ಮುಖ ಇನ್ನೂ ಬಾಡಿತ್ತು. "ಪಾಪ, ಡಾಕ್ಟ್ರಿಗೂ ಸರಿಯಾಗಿ ಕಾಣ್ತಿಲ್ಲ ಕಣೋ" ಎಂದರು.

ಭಾನುವಾರ ಸಭಾಂಗಣ ತುಂಬಿತ್ತು. ವೇದಿಕೆಯ ಗೋಡೆಗೆಲ್ಲ ಯಂತ್ರದ ಬಣ್ಣ ಬಳಿದಾಗಿತ್ತು. ಒಂದು ಮೂಲೆಯಲ್ಲಿ ಭಾವನ ಹವಳದ ಪಟ್ಟೆಯನ್ನು ಮಾತ್ರ, ಬಂದವರು ಹೋಲಿಸಿ ನೋಡಲಿ ಎಂದು ಯಜಮಾನರು ಬೇಕೆಂದೇ ಉಳಿಸಿದ್ದರು. ಭಾವ ಕೊನೆಯ ಸಾಲಿನಲ್ಲಿ, ನಾಳೆಯಿಂದ ಗೋಡೌನ್ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದರು. ವೇದಿಕೆಯ ಮೇಜಿನ ಮೇಲೆ ಇಡಲು ಹೂವು ತರುವಂತೆ ಸಂಘದವರು ಅಕ್ಕನಿಗೆ ಹೇಳಿಕಳಿಸಿದ್ದರು. ಮೊದಲ ಹೂವು ಜೋತುಬಿದ್ದಿತ್ತು. ಅಕ್ಕ ಅವತ್ತು ಬೆಳಿಗ್ಗೆ ಅರಳಿದ ಎರಡನೆಯದನ್ನು ಕೊಯ್ದು ಹೂದಾನಿಯಲ್ಲಿಟ್ಟು ತಂದಳು.

ಹೂವು ಅಪ್ಪಟ ಹವಳದ ಬಣ್ಣದ್ದಾಗಿತ್ತು. ಭಾವನ ಪಟ್ಟೆಯ ಕೆಳಗೆ ಇಟ್ಟಾಗ ಗೋಡೆಯಿಂದಲೇ ಎದ್ದು ಬಂದ ಹಾಗಿತ್ತು.

ಇಂಜಿನಿಯರು ಟೈ ಸಡಿಲ ಮಾಡಿಕೊಂಡರು. ಹೆಡ್‌ಮೇಡಂ ಸೀದಾ ವೇದಿಕೆ ಹತ್ತಿ, ಕರವಸ್ತ್ರ ಒದ್ದೆ ಮಾಡಿ, ಪರೀಕ್ಷೆಯ ದಿನ ಅಂಗೈ ಮೇಲೆ ಬರೆದುಕೊಂಡು ಬಂದ ಮಕ್ಕಳ ಕೈ ಉಜ್ಜುವ ಹಾಗೆ ಎಸಳನ್ನು ಉಜ್ಜಿದರು. ಕರವಸ್ತ್ರಕ್ಕೆ ಬಣ್ಣ ಹತ್ತಲಿಲ್ಲ. ಯಜಮಾನರು ಮಾತ್ರ ಬಣ್ಣದವನ ಮನೆಯ ಹೂವನ್ನು ನಂಬಬಾರದು ಎಂದು ಸಭೆಗೆ ವಿವರಿಸತೊಡಗಿದರು. ಅಷ್ಟರಲ್ಲಿ ಭಾವ ಎದ್ದು ನಿಂತರು.

"ಯಾರೂ ಮೋಸ ಮಾಡಿಲ್ಲ. ನನ್ನ ಕಣ್ಣು ಹೋಗಿದೆ, ಅಷ್ಟೇ. ಇಲ್ಲಿದೆ ಸಾಕ್ಷಿ" ಎಂದು ರಟ್ಟಿನ ಚೂರುಗಳನ್ನು ಮೇಜಿನ ಮೇಲೆ ಹರವಿದರು.

ಡಾಕ್ಟರು ಎದ್ದರು. ಈ ಮನುಷ್ಯನ ಕಣ್ಣಿನಲ್ಲಿ ಒಂದಿಷ್ಟೂ ದೋಷವಿಲ್ಲ, ನಿನ್ನೆ ತಾನೇ ಪರೀಕ್ಷಿಸಿದ್ದೇನೆ, ದೋಷ ಹೂವಿನಲ್ಲೇ ಇರಬೇಕು ಎಂದರು. ಹೂವಿನಲ್ಲಿ ದೋಷ ಎಂದ ಕೂಡಲೇ ಹೆಡ್‌ಮೇಡಂ ಅವರ ಇಡೀ ವೃತ್ತಿಜೀವನ ಮೈಮೇಲೆ ಬಂತು. ರಟ್ಟುಗಳನ್ನು ವಶಪಡಿಸಿಕೊಂಡರು. ಹೂದಾನಿಯನ್ನು ಸಭಾಂಗಣದಲ್ಲೇ ಬಿಟ್ಟು ಬೀಗ ಹಾಕಿ, ಕೀಲಿಯನ್ನು ತಮ್ಮ ಕೊರಳಿಗೆ ಕಟ್ಟಿಕೊಂಡರು. ದಿನಾ ಬೆಳಿಗ್ಗೆ ಎಂಟಕ್ಕೆ ಎಲ್ಲರ ಮುಂದೆ ಬಾಗಿಲು ತೆರೆದು ಹೂವಿಗೂ ರಟ್ಟಿಗೂ ತಾಳೆ ನೋಡತಕ್ಕದ್ದು, ಅದು ಮುಗಿಯುವವರೆಗೆ ಯಾರೂ ಊರು ಬಿಟ್ಟು ಹೋಗತಕ್ಕದ್ದಲ್ಲ ಎಂದು ಆಜ್ಞೆಯಾಯಿತು.

ಸೋಮವಾರ ಎರಡನೇ ರಟ್ಟು, ಮಂಗಳವಾರ ಮೂರನೆಯದು. ಹೆಡ್‌ಮೇಡಂ ಹಾಜರಿ ಕೂಗುತ್ತಿದ್ದರು. ತಡವಾಗಿ ಬಂದ ಯಜಮಾನರನ್ನು ಒಂದು ದಿನ ಬಾಗಿಲ ಹೊರಗೇ ನಿಲ್ಲಿಸಿದರು. ಬುಧವಾರ ನಾಲ್ಕನೇ ರಟ್ಟನ್ನು ಎಸಳಿನ ಪಕ್ಕದಲ್ಲಿ ಹಿಡಿದಾಗ ಅಂಚೇ ಕಾಣಲಿಲ್ಲ. ನಾನು ಗಡಿಯಾರ ನೋಡುವ ಭೂತಗನ್ನಡಿ ಹಾಕಿಕೊಂಡು ನೋಡಿದೆ, ಆಗಲೂ ಕಾಣಲಿಲ್ಲ. ಅದು ಇಂಜಿನಿಯರು ಅಳೆದ ದಿನದ್ದೇ ರಟ್ಟಾದ್ದರಿಂದ ಗೋಡೆಯ ಬಣ್ಣಕ್ಕೂ ಸರಿಹೋಯಿತು. ಇಂಜಿನಿಯರು, ನನ್ನ ಯಂತ್ರ ತಪ್ಪು ಹೇಳಿಲ್ಲ, ಅದಕ್ಕೆ ಗುರುವಾರ ಮಾತ್ರ ಗೊತ್ತಿತ್ತು, ಅಷ್ಟೇ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಶುಕ್ರವಾರ ಹೂವು ಪೂರ್ತಿ ಕೆನೆಯಾಗಿ, ಆರನೇ ರಟ್ಟಿನ ಜತೆಗೂ ತಾಳೆಯಾಗಿ, ಎಲ್ಲರೂ ನೋಡುತ್ತಿದ್ದ ಹಾಗೆ ಎಸಳು ಉದುರಿಸಿತು. ಅರಳುವಾಗ ಹವಳವಾಗಿ ದಿನದಿನಕ್ಕೆ ತಿಳಿಯಾಗುತ್ತ ಹೋಗುವುದು ಆ ಹೈಬ್ರಿಡ್‌ನ ಹುಟ್ಟುಗುಣ. ಹೆಡ್‌ಮೇಡಂ ರಿಜಿಸ್ಟರು ತೆಗೆದು ನಂಬರು ಹೊಡೆದುಹಾಕಿ ಬರೆದರು. ಬಣ್ಣ: ದಿನಕ್ಕೊಂದು. ನಡತೆ: ಅತೃಪ್ತಿಕರ.

ಭಾವ ಸಭಾಂಗಣದ ಮೆಟ್ಟಿಲ ಮೇಲೆ ಕೂತು ಅತ್ತರು. ಇಷ್ಟು ದಿನ ನನ್ನ ಹತ್ತಿರ ಬಾಯಿ ಬಿಡಲಿಲ್ಲವಲ್ಲ ಎಂದು ಅಕ್ಕ ಬೈದಳು. ನಿನ್ನ ಮುಖ ಕಾಣೋದೂ ನಿಂತುಹೋಗುತ್ತೆ ಅಂತ ಹೆದರಿದ್ದೆ, ಅದಕ್ಕೇ ನೋಡಿಟ್ಟುಕೊಳ್ಳುತ್ತಿದ್ದೆ ಎಂದರು ಭಾವ. ಹೊಸ ಬಟ್ಟೆಯ ವಿಷಯವನ್ನು ಅಕ್ಕ ಆಮೇಲೆ ಎತ್ತಲಿಲ್ಲ.

ಆದರೆ ಯಜಮಾನರು ಯಜಮಾನರೇ. ಗೋಡೌನ್‌ನಲ್ಲಿ ಅವರ ಹತ್ತಿರ ನಲವತ್ತು ಡಬ್ಬ ಹವಳದ ಬಣ್ಣ ಕೊಳೆಯುತ್ತಿತ್ತು. ಬಿಸಿಲು ಬಿದ್ದರೆ ಮೂರೇ ತಿಂಗಳಿಗೆ ಬಿಳಿಚಿಕೊಳ್ಳುವ ಕೆಟ್ಟ ಮಾಲು. ಮಾರನೆಯ ದಿನವೇ ಅಂಗಡಿಯ ಮುಂದೆ ಬೋರ್ಡು ಬಂತು: ಹೈಬ್ರಿಡ್ ಪಿಯೋನಿ, ಹೂವಿನಂತೆ ಬಣ್ಣ ಬದಲಿಸುವ ಗೋಡೆ. ಒಂದು ವಾರ ಹೂದಾನಿಯ ಮುಂದೆ ಹಾಜರಿ ಹಾಕಿದವರೆಲ್ಲ ತಮ್ಮ ಮನೆಗೂ ಅದೇ ಬಣ್ಣ ಬೇಕೆಂದು ಮುಗಿಬಿದ್ದು ಹೇಳಿಹೋದರು, ಹೆಡ್‌ಮೇಡಂ ಎಲ್ಲರಿಗಿಂತ ಮೊದಲು.

ಯಜಮಾನರು ಭಾವನನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇದ್ದುದರಿಂದ ನನಗೂ ಕೇಳಿಸಿತು. ಗೋಡೌನ್‌ನ ಆ ಡಬ್ಬಗಳನ್ನೇ ಸುರಿದು ಕೊಡಿ, ನೀವು ಬದುಕಿರೋವರೆಗೂ ಸ್ಟೂಲು ನಿಮ್ಮದೇ ಎಂದರು. ಅದು ಮಾಸೋ ಬಣ್ಣ ಎಂದರು ಭಾವ. ಮಾಸೋದಲ್ಲ ರೀ, ಅರಳೋದು ಎಂದರು ಯಜಮಾನರು. ಭಾವ ತಮ್ಮ ಮೇಜಿಗೆ ಹೋಗಿ ಕೂತರು. ನನಗೆ ಬೇಜಾರಾಯಿತು. ಹೊಟ್ಟೆಪಾಡು, ಪಾಪ, ಅವರಾದರೂ ಏನು ಮಾಡಿಯಾರು ಎಂದುಕೊಂಡು ಕೈಯಲ್ಲಿದ್ದ ಗಡಿಯಾರಕ್ಕೆ ಮುಳ್ಳು ಕೂರಿಸಿದೆ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಣ್ಣದಂಗಡಿಯ ಮುಂದೆ ಸಾಲು ನಿಂತಿತು. ಎಲ್ಲರ ಮುಖದಲ್ಲೂ ಸಿಟ್ಟು. ನಾನು ಅಂಗಡಿ ಬಿಟ್ಟು ಓಡಿದೆ. ಎಲ್ಲರಿಗಿಂತ ಮುಂದೆ ಹೆಡ್‌ಮೇಡಂ, ಕೈಯಲ್ಲಿ ಗೋಡೆಯಿಂದ ಕೆರೆದು ತಂದ ಚಕ್ಕೆ.

"ನೀವು ಹೇಳಿದ ಪ್ರಕಾರ ನನ್ನ ಗೋಡೆ ಇಷ್ಟು ಹೊತ್ತಿಗೆ ಕೆನೆ ಆಗಬೇಕಿತ್ತು. ಬಳಿದ ದಿನ ಹೇಗಿತ್ತೋ ಹಾಗೇ ಇದೆ. ನೆಂಟರ ಮುಂದೆ ನನ್ನ ಮರ್ಯಾದೆ ಏನಾಗಬೇಕು?"

ಹಿಂದಿನವರೆಲ್ಲ ನಮ್ಮದೂ ಹಾಗೇ, ಒಂದು ಚೂರೂ ಮಾಸಿಲ್ಲ ಎಂದು ದನಿಗೂಡಿಸಿದರು. ಯಜಮಾನರು ಗೋಡೌನ್‌ಗೆ ಓಡಿ ನೋಡಿದರು. ನಲವತ್ತು ಡಬ್ಬವೂ ಧೂಳು ಹೊದ್ದು, ಮುಚ್ಚಳ ಬಿಚ್ಚದೆ ಕೂತಿದ್ದವು. ಮೂರು ತಿಂಗಳಿಂದ ಭಾವ ಒಬ್ಬೊಬ್ಬ ಗಿರಾಕಿಗೂ ಒಳ್ಳೆಯ ಬಣ್ಣವನ್ನು ಹೊಸದಾಗಿ ಕೈಯಾರೆ ಕಲೆಸಿ ಕೊಟ್ಟಿದ್ದರು.

ಯಜಮಾನರು ಕೆಂಪಗಾಗಿ ವಾಪಸು ಬಂದರು. ಭಾವ ಹೆಡ್‌ಮೇಡಂ ತಂದಿದ್ದ ಚಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

"ಬೇಕಾದ್ರೆ ಗೋಡೌನ್‌ಗೇ ಹಾಕಿ ಯಜಮಾನ್ರೇ" ಎಂದರು, ಚಕ್ಕೆಯಿಂದ ಕಣ್ಣು ತೆಗೆಯದೆ. "ಮಾಸೋ ಬಣ್ಣ ಕೊಡೋಕೆ ನನಗೆ ಕೈ ಬರಲ್ಲ."

ಯಜಮಾನರು ಬಾಯಿ ತೆರೆದರು. ಮುಂದೆ ಸಂಘದ ಅಷ್ಟೂ ಜನ ಕಿವಿ ನಿಮಿರಿಸಿ ನಿಂತಿದ್ದರು. ಕೆಟ್ಟ ಬಣ್ಣ ಕೊಡು ಎಂದಿದ್ದೆ, ಇವನು ಒಳ್ಳೆಯದು ಕೊಟ್ಟುಬಿಟ್ಟ ಎಂದು ಅಷ್ಟು ಜನರ ಎದುರಿಗೆ ಬೈಯುವುದು ಹೇಗೆ? ಅವರು ತೆರೆದ ಬಾಯಿ ಮುಚ್ಚಿದರು. ಮತ್ತೊಮ್ಮೆ ತೆರೆದು, ಹೆಡ್‌ಮೇಡಂ ಕಡೆಗೆ ತಿರುಗಿ, ಕೈ ಮುಗಿದು, ಅವರ ಗೋಡೆ ಹಾಳಾಗದೆ ಉಳಿದದ್ದಕ್ಕೆ ಕ್ಷಮೆ ಕೇಳಿದರು.